ಇಲ್ಲದ ಹದಿನಾರು ಪುಟ

ನಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ನಾಲ್ಕನೇ ಪುಟದ ಎಡಗಡೆ ಮೂಲೆ ಇಪ್ಪತ್ತಾರು ವರ್ಷ ಒಬ್ಬರದೇ ಆಗಿತ್ತು. ಅಲ್ಲಿ ಪುಸ್ತಕ ವಿಮರ್ಶೆ ಬರುತ್ತಿತ್ತು. ಮುನ್ನೂರು ಪದ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬರೆಯುತ್ತಿದ್ದವರಿಗೆ ನಾವಿಟ್ಟ ಹೆಸರು ಮುನ್ನೂರಪ್ಪ. ಎದುರಿಗೇ ಹಾಗೆ ಕರೆಯುತ್ತಿದ್ದೆವು, ಅವರೂ ಓಗೊಡುತ್ತಿದ್ದರು. ಅವರಿಗೆ ಸಂಬಳ ಬರುತ್ತಿದ್ದದ್ದು ವಿಮರ್ಶೆಗಲ್ಲ, ಕರಡು ತಿದ್ದುವುದಕ್ಕೆ. ಹಗಲೆಲ್ಲ ನಿಧನ ವಾರ್ತೆ, ಟೆಂಡರ್ ನೋಟಿಸು, ಅಧಿಕಾರಿಗಳ ವರ್ಗಾವಣೆ ಪಟ್ಟಿಗಳ ತಪ್ಪು ಹುಡುಕಿ ಕಣ್ಣು ಸವೆಸಿಕೊಂಡ ಮೇಲೆ, ಉಳಿದ ಕಣ್ಣಿನಲ್ಲಿ ಪುಸ್ತಕ ಓದುತ್ತಿದ್ದರು.

ನಾನು ಆ ಪುಟ ಕಟ್ಟುವವನು. ಅಂದರೆ ಯಾರ ಬರಹ ಎಲ್ಲಿ ಕೂರಬೇಕು, ಎಷ್ಟು ಉಳಿಯಬೇಕು ಎಂದು ನೋಡುವ ಕೆಲಸ ನನ್ನದು. ಕೊನೇ ಗಳಿಗೆಯಲ್ಲಿ ಜಾಹೀರಾತು ಬಂದರೆ ನನ್ನ ಕತ್ತರಿ ಮೊದಲು ಬೀಳುತ್ತಿದ್ದದ್ದು ಮುನ್ನೂರಪ್ಪನವರ ಬಾಲಕ್ಕೆ. ಪಾಪ ಎಂದು ನನಗೆ ಅನ್ನಿಸುತ್ತಿರಲಿಲ್ಲ. ಬಾಲದಲ್ಲಿ ಇರುತ್ತಿದ್ದದ್ದಾದರೂ ಏನು? ‘ಎಲ್ಲರೂ ಓದಲೇಬೇಕಾದ ಕೃತಿ.’ ಇಲ್ಲವೇ ‘ಸಾರಸ್ವತ ಲೋಕಕ್ಕೆ ಅಮೂಲ್ಯ ಕೊಡುಗೆ.’ ಸೀಸದ ಅಕ್ಷರ ಜೋಡಿಸುವ ಕಾಲವಾಗಿದ್ದರೆ ಈ ಎರಡು ಸಾಲನ್ನು ಬಿಚ್ಚದೆ ಒಂದು ಡಬ್ಬದಲ್ಲಿ ಹಾಗೇ ಇಟ್ಟುಬಿಡುತ್ತಿದ್ದೆ, ಹೇಗೂ ವಾರವಾರ ಬೇಕಾಗುತ್ತದೆ ಎನ್ನುತ್ತಿದ್ದರು ನಮ್ಮ ಹಿರಿಯ ಮೊಳೆ ಜೋಡಿಸುವವರೊಬ್ಬರು.

ವಿಮರ್ಶೆಗೆ ಪುಸ್ತಕದ ಎರಡು ಪ್ರತಿ ಕಳಿಸಬೇಕು ಎಂಬುದು ನಮ್ಮಲ್ಲಿನ ಪದ್ಧತಿ. ಒಂದು ಮುನ್ನೂರಪ್ಪನವರ ಚೀಲಕ್ಕೆ, ಇನ್ನೊಂದು ನನ್ನ ಮೇಜಿನ ಹಿಂದಿದ್ದ ಬೀರುವಿಗೆ. ಬೀರುವಿನದನ್ನು ಯಾರೂ ತೆರೆದು ನೋಡಿದವರಲ್ಲ. ಎರಡನೆಯದು ಯಾಕೆ ಬೇಕು ಎಂದರೆ, ಮೊದಲಿನಿಂದ ಹಾಗೇ ಬಂದಿದೆ ಎನ್ನುತ್ತಿದ್ದರು. ವಾರಕ್ಕೆ ಐದಾರು ಪುಸ್ತಕ ಬರುತ್ತಿದ್ದವು, ಅವುಗಳ ಹಿಂದೆಯೇ ಫೋನು. ಬರೆದವರು, ಮುನ್ನುಡಿ ಬರೆದವರು, ಬರೆದವರ ಷಡ್ಡಕ, ಎಲ್ಲರಿಗೂ ಒಂದೇ ಪ್ರಶ್ನೆ: ಯಾವ ವಾರ ಬರುತ್ತೆ ಸಾರ್? ಹೊಗಳಿದರೆ ಸಾಲದು ಎನ್ನುವವರು ಒಂದು ಕಡೆ, ತೆಗಳಿದರೆ ಮಾತು ಬಿಡುವವರು ಇನ್ನೊಂದು ಕಡೆ. ಇವರ ನಡುವೆ ಮುನ್ನೂರಪ್ಪನವರು ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕಲಿತರು. ಮುನ್ನುಡಿಯಲ್ಲಿ ಎತ್ತು ಈಯಿತು ಎಂದಿದ್ದರೆ ಇವರೂ ಕೊಟ್ಟಿಗೆಗೆ ಕಟ್ಟುತ್ತಿದ್ದರು.

ಮೊದಲು ಹೀಗಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಒಂದು ಆತ್ಮಕಥೆಯ ಬಗ್ಗೆ, ‘ಮೊದಲ ನಲವತ್ತು ಪುಟ ಬಿಟ್ಟು ಶುರು ಮಾಡಿ, ನಷ್ಟವಿಲ್ಲ’ ಎಂದು ಬರೆದದ್ದು ನನಗೆ ನೆನಪಿದೆ. ಒಂದು ಪ್ರವಾಸ ಕಥನಕ್ಕೆ, ‘ನೋಡಿದ ಊರಿಗಿಂತ ಉಂಡ ಊಟದ ವಿವರ ಹೆಚ್ಚು, ಹಸಿದಾಗ ಓದಬೇಡಿ’ ಎಂದಿದ್ದರು. ಅಕ್ಷರ ಸಣ್ಣದಾದರೆ ವಯಸ್ಸಾದವರಿಗೆ ಕಷ್ಟ ಎಂದು ಎಚ್ಚರಿಸುತ್ತಿದ್ದರು. ಜನ ಆ ಮೂಲೆಯನ್ನು ಕತ್ತರಿಸಿಕೊಂಡು ಪುಸ್ತಕದ ಅಂಗಡಿಗೆ ಹೋಗುತ್ತಿದ್ದರು. ನಾನೂ ಹೋಗಿದ್ದೇನೆ. ಪುಸ್ತಕದ ಒಳಗೆ ಏನಿದೆ, ಅದು ನನಗೋ ನನ್ನ ಪಕ್ಕದ ಮನೆಯವರಿಗೋ ಎಂದು ತಿಳಿಯುತ್ತಿತ್ತು. ಒಬ್ಬ ಓದುಗನಿಗೆ ಅಷ್ಟು ಸಾಕು. ಉಳಿದ ಪಾಂಡಿತ್ಯವೆಲ್ಲ ಬರೆದವರ ಹೊಟ್ಟೆ ತಣ್ಣಗಾಗಲಿಕ್ಕೆ.

ಆಮೇಲೆ ಮನುಷ್ಯ ದಣಿದರು. ಯಾವ ದಿನ ದಣಿದರು ಎಂದು ಹೇಳಲಾರೆ. ಒಂದು ಸಲ ಅವರು ಮರೆತು ಬಂದ ಕನ್ನಡಕ ಕೊಡಲು ಅವರ ಹೆಂಡತಿ ಕಚೇರಿಗೆ ಬಂದಿದ್ದರು. ಯಜಮಾನರು ಮನೆಯಲ್ಲೂ ಓದುತ್ತಲೇ ಇರುತ್ತಾರಾ ಎಂದು ನಾನು ಸುಮ್ಮನೆ ಮಾತಿಗೆ ಕೇಳಿದೆ.

“ಓದೋದು ನಿಲ್ಸಿ ಎಷ್ಟೋ ವರ್ಷ ಆಯ್ತು” ಎಂದರು ಆಕೆ. “ಈಗ ಪುಟ ತಿರುಗಿಸ್ತಾರೆ, ಅಷ್ಟೇ.”

ಹೀಗೆ ಪುಟ ತಿರುಗಿಸುತ್ತಿದ್ದ ಕಾಲದಲ್ಲೇ ಆ ಕಾದಂಬರಿ ಬಂತು. ಇನ್ನೂರ ನಲವತ್ತು ಪುಟದ್ದು. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುವ ಮಗನೊಬ್ಬನ ಕಥೆ. ಅಧ್ಯಾಯಗಳಿಗೆ ಅಂಕಿಯಿಲ್ಲ, ನಡುವೆ ಒಂದೊಂದು ನಕ್ಷತ್ರ ಮಾತ್ರ. ಮುನ್ನೂರಪ್ಪನವರು ಅದನ್ನು ಬಸ್ಸಿನಲ್ಲಿ ಅರ್ಧ, ಕ್ಯಾಂಟೀನಿನಲ್ಲಿ ಕಾಲು, ಉಳಿದದ್ದನ್ನು ಮನೆಯಲ್ಲಿ ಮುಗಿಸಿ ಗುರುವಾರ ವಿಮರ್ಶೆ ಕೊಟ್ಟರು. ಓದುತ್ತಿದ್ದಂತೆ ನನಗೆ ಆಶ್ಚರ್ಯವಾಯಿತು. ಹಳೆಯ ಮುನ್ನೂರಪ್ಪನವರು ಒಂದು ಗಳಿಗೆ ಎದ್ದು ಕೂತ ಹಾಗಿತ್ತು. ‘ತಾಯಿಯ ಸಾವನ್ನು ಲೇಖಕರು ಬರೆಯುವುದೇ ಇಲ್ಲ. ಬಾಗಿಲಲ್ಲಿ ನಿಂತ ವಾಹನದಿಂದ ಖಾಲಿ ಹಾಸಿಗೆಗೆ ಒಂದೇ ಹೆಜ್ಜೆ. ಇಂಥ ಸಂಯಮ ಅಪರೂಪ’ ಎಂದು ಬರೆದಿದ್ದರು. ಕೊನೆಯ ಸಾಲು: ‘ಆಸ್ಪತ್ರೆಯ ದೃಶ್ಯವಾಗಲಿ ಗೋಳಾಟವಾಗಲಿ ಇಲ್ಲದ್ದರಿಂದ, ಮನೆಯಲ್ಲಿ ಸಾವು ಕಂಡವರೂ ಧೈರ್ಯವಾಗಿ ಓದಬಹುದು.’

ಎಷ್ಟೋ ವರ್ಷದ ಮೇಲೆ ಅವರ ಬಾಲದಲ್ಲಿ ಒಂದು ಕೆಲಸಕ್ಕೆ ಬರುವ ಮಾತು ಇತ್ತು. ಆ ವಾರ ಜಾಹೀರಾತು ಬರಲಿಲ್ಲ. ಬಂದಿದ್ದರೆ ಆ ಸಾಲು ನನ್ನ ಕತ್ತರಿಗೆ ಹೋಗಿರುತ್ತಿತ್ತು, ಈ ಕಥೆಯೇ ಇರುತ್ತಿರಲಿಲ್ಲ.

ಲೇಖಕರು ಸೋಮವಾರವೇ ಫೋನು ಮಾಡಿ ಧನ್ಯವಾದ ಹೇಳಿದರು. ನನ್ನ ಸಂಯಮ ಗುರುತಿಸಿದವರು ನೀವೊಬ್ಬರೇ ಎಂದರಂತೆ. ಯಾವುದೋ ಸಮಾರಂಭದಲ್ಲೂ ಅದನ್ನೇ ಹೇಳಿಕೊಂಡರು ಎಂದು ಸುದ್ದಿ ಬಂತು.

ಮೂರು ವಾರದ ನಂತರ ಆ ಪತ್ರ ಬಂತು. ಪುರವಣಿಗೆ ಬರುವ ಪತ್ರ ಮೊದಲು ನನ್ನ ಮೇಜಿಗೆ ಬರುತ್ತಿದ್ದರಿಂದ ನಾನೇ ಒಡೆದೆ. ಗೆರೆ ಎಳೆದ ಹಾಳೆ, ದುಂಡಗಿನ ಅಕ್ಷರ.

‘ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಹನ್ನೊಂದು ವರ್ಷದಿಂದ ನಿಮ್ಮ ವಿಮರ್ಶೆ ನೋಡಿ ಪುಸ್ತಕ ಕೊಳ್ಳುತ್ತೇನೆ. ಈಚೆಗೆ ನೀವು ಎಲ್ಲವನ್ನೂ ಹೊಗಳುತ್ತೀರಿ, ಆದರೂ ನಡುವೆ ಒಂದೆರಡು ಸಾಲು ನಿಜವಿರುತ್ತದೆ ಎಂದು ಹುಡುಕಿಕೊಳ್ಳುತ್ತೇನೆ. ಅಮ್ಮ ತೀರಿಕೊಂಡು ಮೂರು ತಿಂಗಳಾಯಿತು. ಅಪ್ಪನಿಗೆ ಕಣ್ಣು ಕಾಣುವುದಿಲ್ಲ. ದಿನಾ ಬೆಳಿಗ್ಗೆ ಅರ್ಧ ಗಂಟೆ ನಾನು ಓದಿ ಹೇಳುತ್ತೇನೆ. ಆಸ್ಪತ್ರೆ ಇಲ್ಲ ಎಂದು ನೀವು ಬರೆದದ್ದರಿಂದ ಈ ಪುಸ್ತಕ ತರಿಸಿದೆ. ನೂರಹದಿಮೂರನೇ ಪುಟದಿಂದ ನೂರಿಪ್ಪತ್ತೆಂಟರವರೆಗೆ ಆಸ್ಪತ್ರೆಯೇ ಇದೆ. ತಾಯಿ ಸಾಯುವುದೂ ಅಲ್ಲೇ, ಉಸಿರು ಉಸಿರಿನ ಲೆಕ್ಕದಲ್ಲಿ. ನನಗೆ ಒಂದೇ ವಿಷಯ ತಿಳಿಸಿ. ನೀವು ಈ ಪುಸ್ತಕ ಓದಿದ್ದೀರಾ?’

ಕರಡು ತಿದ್ದುವವರು ಏನೇ ಓದಲಿ, ಪೆನ್ಸಿಲಿನ ತುದಿ ಸಾಲಿನ ಕೆಳಗೆ ಓಡುತ್ತಲೇ ಇರುತ್ತದೆ. ನನ್ನ ಮೇಜಿಗೆ ಕರೆದು ಪತ್ರ ಕೊಟ್ಟಾಗ ಮುನ್ನೂರಪ್ಪನವರ ಪೆನ್ಸಿಲು ಕೊನೆಯ ಸಾಲಿನವರೆಗೆ ಓಡಿ ಅಲ್ಲೇ ನಿಂತಿತು. ಪೂರ್ತಿ ಓದಿದ್ದೇನೆ ಎಂದು ಅವರು ಎರಡು ಸಲ ಹೇಳಿದರು. ಚೀಲದಿಂದ ತಮ್ಮ ಪ್ರತಿ ತೆಗೆದು ಪುಟ ಹುಡುಕಿದರು. ಎಡಗಡೆ ನೂರಹನ್ನೆರಡು. ಬಲಗಡೆ ನೂರಿಪ್ಪತ್ತೊಂಬತ್ತು. ನಡುವೆ ಹರಿದ ಗುರುತಿಲ್ಲ, ಅಂಟು ಬಿಟ್ಟಿಲ್ಲ. ಪುಸ್ತಕ ಅಚ್ಚಾಗುವುದು ಹದಿನಾರು ಹದಿನಾರು ಪುಟದ ಮಡಿಕೆಗಳಲ್ಲಿ, ಅದಕ್ಕೆ ನಮ್ಮವರು ಫಾರಂ ಎನ್ನುತ್ತಾರೆ. ಬೈಂಡಿಂಗಿನಲ್ಲಿ ಈ ಪ್ರತಿಗೆ ಎಂಟನೇ ಫಾರಂ ಬಿದ್ದೇ ಇರಲಿಲ್ಲ. ನೂರಹನ್ನೆರಡನೇ ಪುಟ ಸರಿಯಾಗಿ ಒಂದು ಅಧ್ಯಾಯದ ಕೊನೆಗೆ ಮುಗಿದಿತ್ತು. ನೂರಿಪ್ಪತ್ತೊಂಬತ್ತು ನಕ್ಷತ್ರದಿಂದ ಶುರುವಾಗಿತ್ತು.

ನಾನು ಎದ್ದು ಬೀರುವಿನ ಬೀಗ ತೆಗೆದೆ. ಎರಡನೇ ಪ್ರತಿ ಮೂರು ಹೆಜ್ಜೆ ದೂರದಲ್ಲಿ ಧೂಳು ಕುಡಿಯುತ್ತ ಕೂತಿತ್ತು. ಅದರಲ್ಲಿ ಹದಿನಾರು ಪುಟವೂ ಇದ್ದವು. ಮುನ್ನೂರಪ್ಪನವರು ನಿಂತೇ ಓದಿದರು. ಓದಿ ಮುಗಿಸಿ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. ಪುಸ್ತಕದಲ್ಲಿ ಅದೇ ಒಳ್ಳೆಯ ಭಾಗ ಎಂದರು.

ನನಗೆ ಎದೆಯ ಭಾರ ಇಳಿದಂತಾಗಿತ್ತು. ಓದದೆ ಬರೆದಿದ್ದಾರೇನೋ ಎಂದು ನಾನೂ ಒಳಗೊಳಗೇ ಹೆದರಿದ್ದೆ. ಇನ್ನೇನು ಸಾರ್, ತಪ್ಪು ಬೈಂಡಿಂಗಿನವನದು, ನೀವು ಕೈ ತೊಳೆದುಕೊಳ್ಳಿ ಎಂದೆ. ಅವರು ತಮ್ಮ ಪ್ರತಿ ತೆಗೆದು ಮತ್ತೆ ನೂರಹನ್ನೆರಡನೇ ಪುಟಕ್ಕೆ ಬಂದರು.

“ಇಲ್ಲಿ ಎಡವಿದ ಹಾಗಾಗಿತ್ತು” ಎಂದರು. “ಗಾಡಿ ಬಂತು, ಪಕ್ಕದ ಪುಟದಲ್ಲಿ ಹಾಸಿಗೆ ಖಾಲಿ. ಏನಿದು ಅನ್ನಿಸ್ತು. ಪುಟದ ನಂಬರ್ ನೋಡೋಣ ಅಂತಾನೂ ಅನ್ನಿಸ್ತು. ಸಾಕಾಗಿತ್ತು ಮಾರಾಯ. ಇದೂ ಒಂದು ಕಲೆ ಇರ್ಬೇಕು ಅಂದ್ಕೊಂಡು ಮುಂದೆ ಹೋದೆ.”

ಟೆಂಡರ್ ನೋಟಿಸಿನಲ್ಲಿ ಒಂದು ಸೊನ್ನೆ ತಪ್ಪಿದರೆ ಹಿಡಿಯುವ ಮನುಷ್ಯ. ಹದಿನಾರು ಪುಟ ತಪ್ಪಿದ್ದಕ್ಕೆ ಹೊಗಳಿಕೆ ಬರೆದಿದ್ದರು. ಗೊತ್ತಿಲ್ಲದೆ ಮಾಡಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅರ್ಧ ಗೊತ್ತಿದ್ದೂ ಮಾಡಿದ್ದರು, ಬರೀ ಆಯಾಸಕ್ಕೆ. ಅವರ ಮುಖ ನೋಡಿ ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಪುರವಣಿಯ ಸಂಪಾದಕಿ ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ಚಿಕ್ಕವರು, ಕೆಟ್ಟವರಲ್ಲ. ಎರಡು ಸಾಲಿನ ತಿದ್ದುಪಡಿ ಹಾಕೋಣ ಎಂದರು: ‘ಬೈಂಡಿಂಗ್ ದೋಷದಿಂದ ವಿಮರ್ಶೆಯ ಪ್ರತಿಯಲ್ಲಿ ಕೆಲವು ಪುಟಗಳಿರಲಿಲ್ಲ. ವಿಷಾದಿಸುತ್ತೇವೆ.’ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮುನ್ನೂರಪ್ಪನವರು ತಲೆಯಾಡಿಸಿ ಹೋದರು, ಮಧ್ಯಾಹ್ನ ತಾವೇ ಬರೆದ ಬೇರೊಂದನ್ನು ತಂದುಕೊಟ್ಟರು. ‘ನನ್ನ ಪ್ರತಿಯಲ್ಲಿ ಹದಿನಾರು ಪುಟ ಇರಲಿಲ್ಲ. ಕಥೆ ಅಲ್ಲಿ ಕಡಿದಂತೆ ನನಗೆ ಅನ್ನಿಸಿತ್ತು. ಪುಟದ ಸಂಖ್ಯೆ ನೋಡಲಿಲ್ಲ. ನೋಡದೆ, ಇಲ್ಲದ್ದನ್ನು ಲೇಖಕರ ಸಂಯಮ ಎಂದು ಹೊಗಳಿದೆ. ಪುಸ್ತಕದಲ್ಲಿ ಆಸ್ಪತ್ರೆ ಇದೆ, ತಾಯಿಯ ಸಾವೂ ಇದೆ. ನನ್ನ ಮಾತು ನಂಬಿ ಕೊಂಡವರ ಕ್ಷಮೆ ಕೇಳುತ್ತೇನೆ.’

ಸಂಪಾದಕಿ ಎರಡು ಸಲ ಓದಿದರು. ಅಂಕಣವನ್ನೇ ನಿಲ್ಲಿಸಬೇಕು ಎಂದು ಮೇಲಿನವರು ಆಗಲೇ ಕೇಳುತ್ತಿದ್ದಾರೆ, ಇದು ಅವರ ಕೈಗೆ ಕೋಲು ಕೊಟ್ಟ ಹಾಗೆ ಎಂದು ನಿಧಾನವಾಗಿ ತಿಳಿಸಿ ಹೇಳಿದರು. “ಇದನ್ನ ಹಾಕಿದ್ರೆ ಇನ್ನು ಮುಂದೆ ನಿಮ್ಮನ್ನ ಯಾರು ಓದ್ತಾರೆ ಸಾರ್?”

“ಈಗ ಓದ್ತಿರೋರು ಒಬ್ರು ಸಿಕ್ಕಿದಾರಲ್ಲ ಮೇಡಂ. ಅವರಿಗೆ ಹೇಳ್ಬೇಕು.”

ಅದು ಹಾಗೇ ಅಚ್ಚಾಯಿತು. ನಾನೇ ಪುಟ ಕಟ್ಟಿದೆ, ಒಂದು ಪದವೂ ಕತ್ತರಿಸಲಿಲ್ಲ. ಕಚೇರಿಯಲ್ಲಿ ಒಂದು ವಾರ ತಮಾಷೆ ನಡೆಯಿತು. ಯಾರಾದರೂ ಸುಮ್ಮನೆ ಕೂತಿದ್ದರೆ, ಮಾತಿಲ್ಲ, ಸಂಯಮ ಎನ್ನುತ್ತಿದ್ದರು. ಇದ್ದಕ್ಕಿದ್ದಂತೆ ಸಂಯಮ ಕಳೆದುಕೊಂಡ ಲೇಖಕರು ಫೋನು ಮಾಡಿ ಕೂಗಾಡಿದರು. ತಾವು ಬರೆದ ಸಾವನ್ನೇ ಇಲ್ಲ ಎಂದ ವಿಮರ್ಶೆಗೆ ಧನ್ಯವಾದ ಹೇಳಿದ್ದು ಬಯಲಾಗಿತ್ತಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆ ಪುಸ್ತಕಕ್ಕೆ ಸಂಬಂಧವೇ ಇಲ್ಲದ ಇಬ್ಬರು ಬೈಂಡರುಗಳು ನಮ್ಮಲ್ಲಿ ಹಾಗಾಗುವುದಿಲ್ಲ ಎಂದು ಪತ್ರ ಬರೆದರು. ಪತ್ರ ಬರೆದಿದ್ದ ಆ ಮಗಳಿಂದ ಮಾತ್ರ ಏನೂ ಬರಲಿಲ್ಲ.

ಅವಳ ಪತ್ರದ ಕೆಳಗೆ ವಿಳಾಸ ಇತ್ತು. ಮುಂದಿನ ಭಾನುವಾರ ಬೆಳಿಗ್ಗೆ ಮುನ್ನೂರಪ್ಪನವರು ಹೊರಟರು. ಒಬ್ಬರೇ ಹೋಗಲು ಧೈರ್ಯವಿಲ್ಲ ಎಂದು ನೇರವಾಗಿ ಹೇಳಿ ನನ್ನನ್ನು ಕರೆದುಕೊಂಡು ಹೋದರು. ಚಪ್ಪಲಿ ಅಂಗಡಿಯ ಮೇಲಿನ ಮನೆ, ಕಡಿದಾದ ಮೆಟ್ಟಿಲು. ಬಾಗಿಲು ತೆರೆದ ಮಗಳಿಗೆ ನಲವತ್ತರ ಆಸುಪಾಸು. ಯಾರೆಂದು ಹೇಳಿದಾಗ ಒಳಗೆ ಬನ್ನಿ ಎಂದಳು, ಮುಖ ಸಡಿಲಾಗಲಿಲ್ಲ. ಕಿಟಕಿಯ ಪಕ್ಕ ಅವಳ ಅಪ್ಪ ಕೂತಿದ್ದರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ ಕಣ್ಣು ಕಳೆದುಕೊಂಡವರು. ಮುಂದಿನ ತಟ್ಟೆಯಲ್ಲಿ ಹಳೆಯ ಸ್ಕ್ರೂಗಳಿದ್ದವು. ಬೆರಳಲ್ಲೇ ಮುಟ್ಟಿ ಸಣ್ಣದನ್ನೂ ದೊಡ್ಡದನ್ನೂ ಬೇರೆ ಮಾಡುತ್ತಿದ್ದರು.

ಮುನ್ನೂರಪ್ಪನವರು ಕೂರಲಿಲ್ಲ. ಪುಸ್ತಕ ಓದಿದ್ದೆ, ಆದರೆ ಎಡವಿದ ಜಾಗದಲ್ಲಿ ಬಗ್ಗಿ ನೋಡಲಿಲ್ಲ ಎಂದು ನಿಂತೇ ಹೇಳಿದರು. ನಡೆದದ್ದನ್ನು ಮಗಳು ಹೇಳಿದಳು. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಅಪ್ಪನನ್ನು ಮನೆಯಲ್ಲೇ ಬಿಟ್ಟಿದ್ದರು. ಕಾಣದವರು ಬಂದು ಏನು ಮಾಡಬೇಕು ಎಂದು ತಾನೇ ಬೇಡ ಅಂದಿದ್ದಳಂತೆ. ಕೊನೆ ಹೇಗಾಯಿತು ಎಂದು ಅವರು ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ. ಆ ಪುಟ ಬಂದಾಗ ಓದು ನಿಲ್ಲಿಸಿದಳು. ಯಾಕೆ ನಿಂತೆ, ಮುಂದೆ ಓದು ಎಂದರು. ಓದಿದಳು. ಆಮೇಲೆ ಅಪ್ಪ ನಾಲ್ಕು ದಿನ ಮಾತಾಡಲಿಲ್ಲ.

ಇಷ್ಟು ಹೊತ್ತು ಸ್ಕ್ರೂ ಆರಿಸುತ್ತಲೇ ಇದ್ದ ಅಪ್ಪ ಆಗ ಬಾಯಿ ತೆರೆದರು. “ಗಡಿಯಾರ ಬಿಚ್ಚಿ ಮತ್ತೆ ಮುಚ್ಚಿದ ಮೇಲೆ ತಟ್ಟೆಯಲ್ಲಿ ಒಂದು ಸ್ಕ್ರೂ ಉಳಿಯುತ್ತೆ ಅಂತಿಟ್ಕೊಳ್ಳಿ. ಗಡಿಯಾರ ಓಡ್ತಾ ಇರುತ್ತೆ. ಆದ್ರೂ ನಾನು ಗಿರಾಕಿ ಕೈಗೆ ಕೊಡ್ತಿರ್ಲಿಲ್ಲ.”

ಮುನ್ನೂರಪ್ಪನವರು ಹೌದು ಎಂದರು.

“ಎಷ್ಟು ವರ್ಷ ಆಯ್ತು ಈ ಕೆಲಸ?”

“ಇಪ್ಪತ್ತಾರು.”

“ಆಯಾಸ ಆಗುತ್ತೆ” ಎಂದರು ಮುದುಕರು, ತಮಗೇ ಹೇಳಿಕೊಂಡ ಹಾಗೆ. ಇನ್ನೊಂದು ಸ್ಕ್ರೂ ಆರಿಸಿಟ್ಟು ಕೇಳಿದರು: “ಈ ಪುಸ್ತಕ ಮುಗೀತು. ಮುಂದೆ ಯಾವುದು ತರ್ಸೋದು?”

ಮಗಳು ಅಪ್ಪನನ್ನು ನೋಡಿದಳು. ನಾನು ಮುನ್ನೂರಪ್ಪನವರನ್ನು ನೋಡಿದೆ. ಅವರ ತಲೆಯಲ್ಲಿ ನೂರಾರು ಪುಸ್ತಕದ ಹೆಸರಿದ್ದವು, ಪ್ರತಿಯೊಂದಕ್ಕೂ ಅವರೇ ಅಂಟಿಸಿದ ಓದಲೇಬೇಕಾದ ಕೃತಿ ಎಂಬ ಚೀಟಿ ಇತ್ತು.

“ಓದಿ ಹೇಳ್ತೀನಿ” ಎಂದರು.

ಮೂರು ವಾರ ಅವರು ಒಂದೇ ಪುಸ್ತಕ ಇಟ್ಟುಕೊಂಡು ಕೂತರು. ಚೀಲದಲ್ಲಿದ್ದದ್ದನ್ನೂ ಬೀರುವಿನದನ್ನೂ ಎರಡೂ ತೆಗೆದುಕೊಂಡು, ಹೆಬ್ಬೆರಳಲ್ಲಿ ಪುಟಗಳನ್ನು ಸರಸರ ಬಿಟ್ಟು, ಮೊದಲು ಸಂಖ್ಯೆ ನೋಡಿಕೊಂಡರು. ಕ್ಯಾಂಟೀನಿನಲ್ಲಿ ಒಂದು ಪುಟವನ್ನು ಸಣ್ಣ ದನಿಯಲ್ಲಿ ಓದಿ ನೋಡುತ್ತಿದ್ದರು, ಒಂದು ಉಸಿರಿಗೆ ಸಾಲು ಸಾಕಾಗುತ್ತದೋ ಎಂದು. ಆ ಮೂಲೆಗೆ ಬೇರೆ ಏನೇನೋ ತುಂಬಿ ನಾನು ಪುಟ ಕಟ್ಟಿದೆ. ಅವರು ವಿಮರ್ಶೆ ಬರೆದು ತರುವ ಹೊತ್ತಿಗೆ ಮೇಲಿನಿಂದ ಆದೇಶ ಬಂದಿತ್ತು. ಅಂಕಣ ನಿಂತಿತು. ಇನ್ನು ಮೇಲೆ ಪುಸ್ತಕದ ಮುಖಪುಟದ ಚಿತ್ರ, ಹಿಂಬದಿಯ ಮೂರು ಸಾಲು, ಅಷ್ಟೇ. ಅದಕ್ಕೆ ಯಾರೂ ಓದಬೇಕಾಗಿಲ್ಲ. ಈಗಲೂ ನಾನೇ ಹಾಕುತ್ತೇನೆ.

ನನಗೆ ಕೆಟ್ಟ ಸಿಟ್ಟು ಬಂದಿತ್ತು. ಮುನ್ನೂರಪ್ಪನವರಿಗೆ ಬರಲಿಲ್ಲ. ಸಿಟ್ಟಿಗೂ ತ್ರಾಣ ಬೇಕಲ್ಲ. ಅಚ್ಚಾಗದ ಹಾಳೆಯನ್ನು ನಾಲ್ಕಾಗಿ ಮಡಿಸಿ, ಲಕೋಟೆಗೆ ಹಾಕಿ, ಚಪ್ಪಲಿ ಅಂಗಡಿಯ ಮೇಲಿನ ಮನೆಯ ವಿಳಾಸ ಬರೆದರು. ಅಂಟಿಸುವ ಮೊದಲು ನಾನು ಓದಿದೆ. ಎಣಿಸಿದೆ ಕೂಡ. ಮುನ್ನೂರು ಪದ ಇರಲಿಲ್ಲ, ಅರವತ್ತೂ ಇರಲಿಲ್ಲ. ಮೇಲೆ ಪುಸ್ತಕದ ಹೆಸರು, ಕೆಳಗೆ ಇಷ್ಟು:

‘ಒಂದರಿಂದ ನೂರ ಎಂಬತ್ತೆಂಟು, ಎಲ್ಲ ಪುಟ ಇವೆ. ಅಂಗಡಿಯಲ್ಲಿ ನೀವೂ ನೋಡಿಕೊಳ್ಳಿ. ಸೇತುವೆ ಕಟ್ಟುವ ಕೆಲಸಗಾರರ ಕಥೆ. ಸಾಲುಗಳು ಚಿಕ್ಕವು, ಓದಿ ಹೇಳಲು ಸುಲಭ. ಆಸ್ಪತ್ರೆ ಇಲ್ಲ. ತೊಂಬತ್ತನೇ ಪುಟದಲ್ಲಿ ಒಂದು ನಾಯಿ ಸಾಯುತ್ತದೆ. ಎರಡು ಪುಟ ಬಿಟ್ಟು ಓದಿದರೂ ಕಥೆ ತಿಳಿಯುತ್ತದೆ. ಐದನೇ ಅಧ್ಯಾಯದಲ್ಲಿ ಅಪ್ಪನವರಿಗೆ ನಿದ್ದೆ ಬರಬಹುದು. ನನಗೂ ಬಂತು. ಎದ್ದು ಮತ್ತೆ ಓದಿದೆ.’

ಇಪ್ಪತ್ತು ದಿನ ಬಿಟ್ಟು ಒಂದು ಕಾರ್ಡು ಬಂತು. ವಿಮರ್ಶಕರಿಗೆ ಎಂದು ವಿಳಾಸ. ಕರಡು ತಿದ್ದುವ ಕೋಣೆಗೆ ನಾನೇ ತೆಗೆದುಕೊಂಡು ಹೋದೆ. ಅವರು ಯಾರದೋ ನಿಧನ ವಾರ್ತೆ ನೋಡುತ್ತಿದ್ದರು, ನೀನೇ ಓದು ಎಂದರು.

‘ಮುಗಿಯಿತು. ಐದನೇ ಅಧ್ಯಾಯದಲ್ಲಿ ನಿದ್ದೆ ಮಾಡಿದರು. ನಾಯಿಯ ಪುಟ ಬರುತ್ತದೆ, ಬಿಡಲಾ ಎಂದು ಕೇಳಿದೆ. ಬೇಡ, ಬರುತ್ತದೆ ಅಂತ ಗೊತ್ತಲ್ಲ, ಓದು ಎಂದರು. ಕೇಳಿ ಅತ್ತರು. ಆಮೇಲೆ ಅಮ್ಮನ ವಿಷಯ ಕೇಳಿದರು. ನಾನು ಎಲ್ಲ ಹೇಳಿದೆ. ಮುಂದಿನದು ಯಾವುದು?’

ಮುನ್ನೂರಪ್ಪನವರು ಕಾರ್ಡು ಇಸಿದುಕೊಂಡು ಮತ್ತೊಮ್ಮೆ ತಾವೇ ಓದಿದರು, ಪೆನ್ಸಿಲು ಸಾಲಿನ ಕೆಳಗೆ ಓಡುತ್ತಿತ್ತು. ಆಮೇಲೆ ಬೀರುವಿನ ಬೀಗದ ಕೈ ಕೇಳಿದರು.